ಅಮರಗುಂಡಪ್ಪ ಬಾಗಿಲಿಗೆ ಬೇವು ಕಟ್ಟಿದ್ದು

ವಳಕಮದಿನ್ನಿಯ ಅಮರಗುಂಡಪ್ಪ ಎಮ್ಮೆ ಹಿಂಡಲು ಕೂರುವಾಗ ಹೆಂಡತಿಯ ಸೀರೆ ಸುತ್ತಿಕೊಳ್ಳುತ್ತಾನೆ. ಊರಿಗೆಲ್ಲ ಗೊತ್ತಿರುವ ಸಂಗತಿ ಇದು. ನಗಬೇಕಾದವರು ನಕ್ಕು ಮುಗಿಸಿ ವರ್ಷಗಳಾದವು. ಮಗಳ ಮದುವೆಯ ಮಾತಿಗೆಂದು ಹೆಂಡತಿ ಶೇಖರಮ್ಮ ಒಮ್ಮೆ ಲಿಂಗಸುಗೂರಿಗೆ ಹೋಗಿ ಕೆಲವು ದಿನ ಅಲ್ಲೇ ಉಳಿದುಬಿಟ್ಟಳು. ಅವಳ ಕೈಗೆ ಮಾತ್ರ ಒಗ್ಗಿದ್ದ ದೊಡ್ಡ ಎಮ್ಮೆ ತೊರೆ ಬಿಡಲಿಲ್ಲ, ಅಂದರೆ ಕೆಚ್ಚಲಲ್ಲಿ ಹಾಲಿದ್ದೂ ಮೊಲೆಗೆ ಇಳಿಸಲಿಲ್ಲ. ಅಮರಗುಂಡಪ್ಪ ಹಿಂಡಿ ತಿನ್ನಿಸಿದ, ಬೆನ್ನು ತಿಕ್ಕಿದ, ಕರು ಬಿಟ್ಟ. ಎಮ್ಮೆ ಕಾಲು ಝಾಡಿಸಿತು. ಸೂಜಿ ಹಾಕಿಸು, ಚಣದಲ್ಲಿ ಇಳಿಸುತ್ತದೆ ಎಂದು ಯಾರೋ ಬುದ್ಧಿ ಹೇಳಿದರು. ಸೂಜಿಯ ಹಾಲು ಅವನಿಗೆ ಬೇಡವಾಗಿತ್ತು. ದನದ ಮನೆಯ ಗೂಟಕ್ಕೆ ಶೇಖರಮ್ಮ ನೇತುಹಾಕಿ ಹೋಗಿದ್ದ ಹಳೆಯ ಸೀರೆಯನ್ನು ಧೋತರದ ಮೇಲೆ ಸುತ್ತಿಕೊಂಡು, ಸೆರಗನ್ನು ಮೀಸೆಯವರೆಗೆ ಎಳೆದುಕೊಂಡು ಕುಳಿತ. ಎಮ್ಮೆ ಮೂಸಿತು, ದೊಡ್ಡದಾಗಿ ಉಸಿರು ಬಿಟ್ಟಿತು, ಹಾಲಿಳಿಸಿತು.

ಶೇಖರಮ್ಮ ತಿರುಗಿ ಬಂದ ಮೇಲೂ ಅವನು ಆ ಕೆಲಸ ಬಿಡಲಿಲ್ಲ. ಎಮ್ಮೆ ಒಪ್ಪಿದೆ, ಮತ್ತೆ ಬದಲಿಸುವುದೇಕೆ ಎಂಬುದು ಅವನ ವಾದ. ಬೆಳಗಿನ ಜಾವ ಏಳುವುದು ತಪ್ಪಿತು, ಬೇಡವೆನ್ನಲು ನನಗೇನು ಹುಚ್ಚೇ ಎಂಬುದು ಅವಳದು.

ಮಾತು ಕಡಿಮೆಯ ಮನುಷ್ಯ ಅವನು. ಕಾಲುವೆ ನೀರಿನ ಗದ್ದೆ, ನಾಲ್ಕು ಎಮ್ಮೆ, ಬೆಳಗ್ಗೆ ಸ್ನಾನ, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ, ಆಮೇಲೆ ಡೈರಿಗೆ ಹಾಲಿನ ಕ್ಯಾನು. ಹತ್ತು ಮಾತಿನಲ್ಲಿ ಆಗುವ ಕೆಲಸವನ್ನು ಒಂದು ಕೈಕೆಲಸದಲ್ಲಿ ಮುಗಿಸಿಬಿಡುವುದು ಅವನ ರೀತಿ. ಆ ರೀತಿಯಿಂದ ಅವನಿಗೆ ಒಳ್ಳೆಯದಾದದ್ದೂ ಉಂಟು, ಬೈಗುಳ ಬಿದ್ದದ್ದೂ ಉಂಟು. ಮಗಳು ಭುವನೇಶ್ವರಿಯ ಬಾಣಂತನದಲ್ಲಿ ಎರಡೂ ಒಟ್ಟಿಗೇ ಆದವು.

ಭುವನೇಶ್ವರಿಯನ್ನು ಮಸ್ಕಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಸಿಂಧನೂರಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸನ್ನು ಹೆತ್ತಳು. ದುಂಡು ಕೂಸು, ದನಿ ಇನ್ನೂ ದುಂಡು. ಆಸ್ಪತ್ರೆಯಲ್ಲಿದ್ದಷ್ಟು ಹೊತ್ತು ಎಲ್ಲ ಸರಿಯಾಗಿಯೇ ನಡೆಯಿತು. ಮೊದಲ ಹಳದಿ ಹಾಲನ್ನು ಕೂಸು ಕುಡಿಯಿತು. ಮನೆಗೆ ಬಂದ ಮೇಲೆ ಹಾಲು ಹೆಚ್ಚಬೇಕಾಗಿತ್ತು, ಹೆಚ್ಚಲಿಲ್ಲ. ಕೂಸು ಬಾಯಿ ಹಾಕುತ್ತಿತ್ತು, ಚೀಪುತ್ತಿತ್ತು, ಮುಖ ತಿರುಗಿಸಿ ಅಳುತ್ತಿತ್ತು.

ಮನೆಯ ತುಂಬ ಜನ. ಬಾಣಂತಿಯನ್ನು ನೋಡಲು ಬರುವವರು ಒಣಕೊಬ್ಬರಿ, ಕುಪ್ಪಸದ ಕಣ ತಂದು ಚಾಪೆಯ ಮೇಲೆ ಕೂರುವರು, ಕೂಸಿನ ಮೂಗು ಯಾರ ಹಾಗಿದೆ ಎಂದು ತೀರ್ಮಾನಿಸುವರು, ಆಮೇಲೆ ಎಲ್ಲರೂ ಒಂದೇ ಪ್ರಶ್ನೆಗೆ ಬರುವರು: ಹಾಲು ಬಂದವೇ? ಇಲ್ಲವೆಂದರೆ ಒಬ್ಬಳು ಬೆಳ್ಳುಳ್ಳಿ ಎನ್ನುವಳು, ಇನ್ನೊಬ್ಬಳು ಸಬ್ಬಸಗಿ ಎನ್ನುವಳು, ಮತ್ತೊಬ್ಬಳು ಸೆರಗು ಸರಿಸಿ ಎದೆಯನ್ನು ಮುಟ್ಟಿಯೇ ನೋಡುವಳು. ಎಲ್ಲರಿಗೂ ಎದುರಾಗಿ ಗೋಡೆಗೆ ಬೆನ್ನು ಕೊಟ್ಟು ಕುಳಿತವಳು ಭುವನೇಶ್ವರಿಯ ಅತ್ತೆ ಬಸಲಿಂಗಮ್ಮ. ಮಸ್ಕಿಯಲ್ಲಿ ಕಿರಾಣಿ ಅಂಗಡಿ ನಡೆಸಿದ ಹೆಂಗಸು ಆಕೆ. ಕಣ್ಣಿಟ್ಟರೆ ಕೆಲಸ ಆಗುತ್ತದೆ, ಕಣ್ಣು ತೆಗೆದರೆ ಕೆಡುತ್ತದೆ ಎಂದು ನಂಬಿದವಳು. ಸೊಸೆ ಕೂಸನ್ನು ಎತ್ತಿಕೊಂಡಾಗಲೆಲ್ಲ ಆಕೆ ಮುಂದಕ್ಕೆ ಬಾಗಿ ರೆಪ್ಪೆ ಬಡಿಯದೆ ನೋಡುವಳು. ಕೆಟ್ಟ ಮನಸ್ಸಿನಿಂದಲ್ಲ. ಮೊಮ್ಮಗಳು ಹಸಿದದ್ದನ್ನು ಆಕೆಗೆ ತಡೆಯಲಾಗುತ್ತಿರಲಿಲ್ಲ. ಭುವನೇಶ್ವರಿ ಮಾತ್ರ ಆ ನೋಟಕ್ಕೆ ಬೆವರುತ್ತಿದ್ದಳು.

ತೊಟ್ಟಿಲಿಗೆ ಹಾಕುವ ಶಾಸ್ತ್ರದ ಸಾಮಾನು ತರಲು ಬಸಲಿಂಗಮ್ಮ ಮಸ್ಕಿಗೆ ಹೊರಟಾಗ, ತಾನು ತಂದಿದ್ದ ಹಾಲಿನ ಪುಡಿಯ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು ಹೇಳಿದಳು: "ನಾ ನಾಳೆ ಬರೂದ್ರಾಗ ಹಾಲು ಬಂದ್ರ ಛಲೋ ಆತು. ಬರಲಿಲ್ಲಂದ್ರ ಇದನ್ನ ಕಲಿಸಿ ಕುಡಿಸೂದ. ಕೂಸಿನ ಹೊಟ್ಟಿ ನಮ್ಮ ಹಟ ಕೇಳಂಗಿಲ್ಲ."

ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಭುವನೇಶ್ವರಿ ಡಬ್ಬಿಯತ್ತ ನೋಡಿ ಗೋಡೆಗೆ ಮುಖ ಮಾಡಿ ಮಲಗಿದಳು. ಒಮ್ಮೆ ಬಾಟಲಿಗೆ ಹತ್ತಿದ ಕೂಸು ತನ್ನ ಹತ್ತಿರ ಬರುವುದಿಲ್ಲ, ತನ್ನಿಂದ ಇಷ್ಟೂ ಆಗಲಿಲ್ಲ ಎಂದು ತಾಯಿಯ ಹತ್ತಿರ ಹೇಳಿಕೊಂಡಳಂತೆ. ಶೇಖರಮ್ಮ ಅದನ್ನು ದನದ ಮನೆಗೆ ಬಂದು ಗಂಡನ ಕಿವಿಗೆ ಹಾಕಿದಳು. ತಂದೆಯಾದವನು ಬಾಣಂತಿಯ ಕೋಣೆಗೆ ಹೋಗಿ ಹಾಲಿನ ಮಾತಾಡುವ ಪದ್ಧತಿ ಇಲ್ಲ. ಬಂದ ಹೆಂಗಸರಿಗೆ ಏಳಿ ಎನ್ನುವ ಹಾಗೂ ಇಲ್ಲ. ಅವರೆಲ್ಲ ಪ್ರೀತಿಯಿಂದಲೇ ಬಂದವರು. ಅಮರಗುಂಡಪ್ಪ ಎಮ್ಮೆಗೆ ಹುಲ್ಲು ಹಾಕಿದ, ಕುಡುಗೋಲು ತೆಗೆದುಕೊಂಡು ಹಿತ್ತಲ ಕಡೆ ಹೋದ.

ಶೇಖರಮ್ಮ ಹೊರಬಾಗಿಲಿಗೆ ಬಂದು ನೋಡಿದರೆ ಮೇಲೆ ಚೌಕಟ್ಟಿನ ಉದ್ದಕ್ಕೂ ಹಸಿ ಬೇವಿನ ತಪ್ಪಲು. ಯುಗಾದಿ ಹೋಗಿ ಎಷ್ಟೋ ತಿಂಗಳಾಗಿತ್ತು. ಯುಗಾದಿ ಬಿಟ್ಟರೆ ಬಾಗಿಲಿಗೆ ಬೇವು ಕಟ್ಟಿದ ಅರ್ಥ ಆ ಸೀಮೆಯಲ್ಲಿ ಒಂದೇ: ಮನೆಯಲ್ಲಿ ಯಾರಿಗೋ ಅಮ್ಮ ಬಂದಿದ್ದಾಳೆ, ಮೈತುಂಬ ಗುಳ್ಳೆ ಎದ್ದಿವೆ. ಹೊರಗಿನವರು ಒಳಗೆ ಕಾಲಿಡಬಾರದು. ಒಳಗಿನವರು ಒಗ್ಗರಣೆ ಹಾಕಬಾರದು. ಯಾರಿಗೆ, ಎಷ್ಟು ಎಂದು ಕೆದಕಿ ಕೇಳುವುದೂ ತಪ್ಪು.

"ಯಾರಿಗೆ ಬಂದಾಳ್ರೀ ಅಮ್ಮ?" ಶೇಖರಮ್ಮನ ದನಿ ಅರ್ಧಕ್ಕೆ ಇಳಿದಿತ್ತು.

"ಯಾರಿಗೂ ಇಲ್ಲ."

"ಮತ್ತ ಬೇವು?"

"ಗಿಡ ನಮ್ಮದ. ಬಾಗಲಾ ನಮ್ಮದ. ಕಟ್ಟೀನಿ."

"ತಾಯಿಗೆ ಸಿಟ್ಟು ಬಂದ್ರೇನು ಮಾಡ್ತೀರಿ?"

"ಆಕೀನೂ ತಾಯಿನ. ತಿಳಕೊಂತಾಳ," ಎಂದು ಅವನು ಎಮ್ಮೆಯ ಕಡೆ ನಡೆದ.

ಕೊಬ್ಬರಿ ಬಟ್ಟಲು ಹಿಡಿದು ಬಂದ ಎರಡು ಮೂರು ಹೆಂಗಸರು ಓಣಿಯಲ್ಲೇ ನಿಂತು, ಗಲ್ಲ ಗಲ್ಲ ಬಡಿದುಕೊಂಡು ಹಿಂದಿರುಗಿದರು. ಪಕ್ಕದ ಮನೆಯ ಹಾಜಿರಾಬೀ ಗೋಡೆಯಾಚೆಯಿಂದ ಕತ್ತು ಚಾಚಿ ಏನಾದರೂ ಬೇಕಿದ್ದರೆ ಕೂಗು ಎಂದು ಹೇಳಿ ಕತ್ತು ಒಳಗೆಳೆದುಕೊಂಡಳು. ಮನೆ ಇದ್ದಕ್ಕಿದ್ದಂತೆ ಎಷ್ಟು ಶಾಂತವಾಯಿತೆಂದರೆ ಗೋಡೆಗಡಿಯಾರದ ಸದ್ದು ಕೇಳಿಸಿತು.

ಬಾಗಿಲಲ್ಲಿ ಯಾರೂ ಏಕಿಲ್ಲ ಎಂದು ಭುವನೇಶ್ವರಿ ಕೇಳಿದಳು. ಶೇಖರಮ್ಮ ನಡೆದದ್ದನ್ನು ಹೇಳಿದಳು. ಭುವನೇಶ್ವರಿಗೆ ಮೊದಲು ಅರ್ಥವಾಗಲಿಲ್ಲ.

"ಇನ್ನೇನಿಲ್ಲ ಬೇ," ಎಂದಳು ಶೇಖರಮ್ಮ. "ನಿಮ್ಮಪ್ಪ ನಿನ್ನನ್ನ ದೊಡ್ಡೆಮ್ಮಿ ಲೆಕ್ಕಕ್ಕ ಹಿಡದಾನ. ನನ್ನ ಸೀರಿ ಉಟ್ಕೊಂಡು ಬಂದು ನಿನ್ನ ಬೆನ್ನ ತಿಕ್ಕೂದೊಂದು ಬಾಕಿ ಐತಿ."

ಭುವನೇಶ್ವರಿ ನಕ್ಕಳು. ಹೆರಿಗೆಯ ಹೊಲಿಗೆ ಎಳೆಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡು, ಸಾಕು ಸಾಕು ಎನ್ನುತ್ತ ಮತ್ತೆ ನಕ್ಕಳು. ಬಾಣಂತಿ ಹೀಗೆ ನಗಬಾರದು, ಗಾಳಿ ಸೇರುತ್ತದೆ ಎಂದು ಬೈಯುತ್ತಲೇ ಶೇಖರಮ್ಮನೂ ನಕ್ಕಳು. ದನದ ಮನೆಯಲ್ಲಿದ್ದ ಅಮರಗುಂಡಪ್ಪನಿಗೆ ನಗು ಕೇಳಿಸಿತು. ಏಕೆಂದು ಗೊತ್ತಾಗದಿದ್ದರೂ ಅವನು ಕೆಲಸ ನಿಲ್ಲಿಸಿ ಕೇಳಿದ.

ಆ ಹಗಲೆಲ್ಲ ಭುವನೇಶ್ವರಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡೇ ಕಳೆದಳು. ನೋಡುವವರಿಲ್ಲ, ಕೇಳುವವರಿಲ್ಲ, ಮುಚ್ಚಿಕೊಳ್ಳುವ ಅವಸರವಿಲ್ಲ. ಕೂಸು ಚೀಪಿತು, ನಿದ್ದೆ ಮಾಡಿತು, ಎದ್ದು ಮತ್ತೆ ಚೀಪಿತು. ಮಧ್ಯಾಹ್ನ ಕೂಸು ಒಂದು ಕಡೆ ಕುಡಿಯುತ್ತಿದ್ದಾಗ ಇನ್ನೊಂದು ಕಡೆಯ ಕುಪ್ಪಸ ತೊಯ್ದದ್ದನ್ನು ಶೇಖರಮ್ಮ ಕಂಡಳು. ಮೊದಲು ನೀರು ಚೆಲ್ಲಿತೆಂದುಕೊಂಡಳು. ನೀರಲ್ಲ.

ಬೇವಿನ ಸುದ್ದಿ ಅಷ್ಟರಲ್ಲಿ ಬಸ್ಸು ಹತ್ತಿತ್ತು. ಹಾಜಿರಾಬೀಯ ಅಂಗಳದಲ್ಲಿ ಅಮ್ಮ ಬಂದದ್ದು ಅಮರಗುಂಡಪ್ಪನಿಗೆ. ತುರ್ವಿಹಾಳ ಮುಟ್ಟುವಷ್ಟರಲ್ಲಿ ಬಾಣಂತಿಗೆ. ಮಸ್ಕಿಯಲ್ಲಿ ಇಳಿದಾಗ ಮನೆಮಂದಿಗೆಲ್ಲ. ಡೈರಿಯ ಮಂಜೂರ್ ಕ್ಯಾನನ್ನು ದೂರದಿಂದಲೇ ನೋಡಿ, ಅಮ್ಮ ಹೋದ ಮೇಲೆ ತನ್ನಿರಿ ಎಂದು ಕೈಮುಗಿದ. ನಾಲ್ಕು ಎಮ್ಮೆಯ ಹಾಲು ಮನೆಯಲ್ಲೇ ಉಳಿಯಿತು. ಶೇಖರಮ್ಮ ದೊಡ್ಡ ಬೋಗುಣಿ ಇಟ್ಟು ಬಾಸುಂದಿ ಕಾಯಿಸಲು ನಿಂತಳು. ಬಾಗಿಲಿಗೆ ಬೇವಿದೆಯೆಂದು ಸಾರಿಗೆ ಒಗ್ಗರಣೆ ಬೀಳಲಿಲ್ಲ. ಸಪ್ಪೆ ಸಾರು, ಮೇಲೊಂದು ಬಟ್ಟಲು ಬಾಸುಂದಿ. ಅಮರಗುಂಡಪ್ಪ ತಾನೇ ಮಾಡಿಕೊಂಡದ್ದನ್ನು ತಾನೇ ಉಂಡ.

ಮರುದಿನ ಬೆಳಗ್ಗೆ ಆರೋಗ್ಯ ಉಪಕೇಂದ್ರದ ಸಿಸ್ಟರ್ ದೀಪಾ ಸ್ಕೂಟಿ ನಿಲ್ಲಿಸಿ, ಮೂಗುಬಾಯಿಗೆ ಮಾಸ್ಕು ಕಟ್ಟಿಕೊಂಡು ಬೇವಿನ ಕೆಳಗಿನಿಂದಲೇ ಒಳಗೆ ಬಂದಳು. ಹೆಜ್ಜೆಯಲ್ಲೇ ಗಾಬರಿಯಿತ್ತು. ಹಸುಗೂಸಿರುವ ಮನೆಯಲ್ಲಿ ಸೀತಾಳೆ ಸಿಡುಬು ಎಂದರೆ ಆಟವಲ್ಲ. ಅವಳು ಕೂಸನ್ನು ಬಿಚ್ಚಿ ನೋಡಿದಳು, ತೂಗಿದಳು, ಎಷ್ಟು ಸಲ ಉಚ್ಚೆ ಹೊಯ್ದಿದೆ ಎಂದು ವಿಚಾರಿಸಿದಳು. ಬಾಣಂತಿಯನ್ನು ನೋಡಿದಳು, ಶೇಖರಮ್ಮನನ್ನು ನೋಡಿದಳು. ಕೊನೆಗೆ ಅಂಗಳಕ್ಕೆ ಬಂದು ಅಮರಗುಂಡಪ್ಪನ ಅಂಗಿ ಬಿಚ್ಚಿಸಿ ಬಿಸಿಲಿಗೆ ತಿರುಗಿಸಿ ನಿಲ್ಲಿಸಿದಳು. ಬೆನ್ನ ಮೇಲೆ ಒಂದು ಸೊಳ್ಳೆ ಕಚ್ಚಿದ ಗುರುತು ಬಿಟ್ಟರೆ ಏನೂ ಇರಲಿಲ್ಲ.

ವಿಷಯ ಹೊರಬಿದ್ದ ಮೇಲೆ ದೀಪಾ ಅವನನ್ನು ಚೆನ್ನಾಗಿಯೇ ಬೈದಳು. ನಿನ್ನೆಯಿಂದ ಅವಳು ಸಿಂಧನೂರಿನ ಡಾಕ್ಟರಿಗೆ ಫೋನು ಹಚ್ಚುತ್ತಿದ್ದಳು. ಓಣಿಯ ಮಕ್ಕಳನ್ನು ತಾಯಂದಿರು ಶಾಲೆಗೆ ಕಳಿಸಿರಲಿಲ್ಲ. ನಾಳೆ ನಿಜವಾಗಿ ರೋಗ ಬಂದು ಯಾರಾದರೂ ಬೇವು ಕಟ್ಟಿದರೆ ಅಮರಗುಂಡಪ್ಪನ ಬೇವು ಎಂದು ಜನ ನಕ್ಕು ಒಳಗೆ ಹೋಗುತ್ತಾರೆ. ಅವನು ಅಂಗಿಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿದ.

"ಮಂದಿ ಭಾಳ ಆಗಿತ್ತು, ತಂಗಿ," ಎಂದ ಕೊನೆಗೆ. "ಹತ್ತು ಮಂದಿ ನೋಡಾಕತ್ರ ಎಮ್ಮಿನೂ ತೊರಿ ಬಿಡಂಗಿಲ್ಲ."

ದೀಪಾ ನಗು ಕಾಣಬಾರದೆಂದು ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡಳು. ಆಮೇಲೆ ಕಟ್ಟೆಯ ಮೇಲೆ ಕುಳಿತು, ಅವನು ಅರ್ಧ ಮಾತ್ರ ಸರಿ ಎಂದು ವಿವರಿಸಿದಳು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಇದೆ. ಕೂಸು ಚೀಪಿದೊಡನೆ ನರಗಳು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ, ಗ್ರಂಥಿ ಎರಡು ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಅವೇ ಹಾರ್ಮೋನು. ಒಂದು ಹಾರ್ಮೋನು ಎದೆಯ ಹಾಲಿನ ಗ್ರಂಥಿಗೆ ಹಾಲು ತಯಾರಿಸು ಎನ್ನುತ್ತದೆ. ಇನ್ನೊಂದು, ತಯಾರಾದ ಹಾಲನ್ನು ಹಿಂಡಿ ಹೊರಗೆ ದೂಡು ಎನ್ನುತ್ತದೆ. ಅಂಜಿಕೆ, ನಾಚಿಕೆ, ನೋವು ಈ ಎರಡನೆಯದನ್ನು ತಡೆಯುತ್ತವೆ, ಏಕೆಂದರೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಬೇರೊಂದು ಜೋಡಿ ಗ್ರಂಥಿ ಆಗ ತನ್ನ ಹಾರ್ಮೋನನ್ನು ಬಿಟ್ಟು ಮೈಯನ್ನು ಓಡುವುದಕ್ಕೆ ಸಜ್ಜುಮಾಡುತ್ತದೆ. ಓಡುವ ಹೊತ್ತಿನಲ್ಲಿ ಹಾಲೂಡುವ ಕೆಲಸ ಇಲ್ಲ. ಬೇವು ಆ ಅಂಜಿಕೆಯನ್ನು ಹೊರಗಿಟ್ಟಿತು, ನಿಜ. ಆದರೆ ಹಾಲು ತಂದದ್ದು ಬೇವಲ್ಲ, ದಿನವಿಡೀ ಚೀಪಿದ ಕೂಸು. ಚೊಚ್ಚಲಿಗೆ ಹಾಲು ಸ್ವಲ್ಪ ತಡವಾಗಿ ಹೆಚ್ಚುವುದೂ ಉಂಟು.

ಅಮರಗುಂಡಪ್ಪ ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟು ಯೋಚಿಸುತ್ತಿದ್ದ. "ರಕ್ತದಾಗ ಬಿಟ್ರ ಅದು ಮೈತುಂಬ ಹೋಕ್ಕೈತಲ್ಲ. ಮೊಣಕಾಲಾಗ ಯಾಕ ಹಾಲು ಬರಂಗಿಲ್ಲ?"

ಪ್ರಶ್ನೆ ಸರಿಯಾದದ್ದೇ. ದೀಪಾ ಅದಕ್ಕೆ ಮರುಪ್ರಶ್ನೆ ಹಾಕಿದಳು. "ಕಾಲವಿ ನೀರು ಎಲ್ಲಾರ ಹೊಲದ ಮುಂದ ಹಾಯ್ದು ಹೋಗ್ತೈತಿ, ಕಾಕಾ. ಎಲ್ಲಾರ ಹೊಲಾನೂ ತೋಯ್ತೈತೇನು?"

"ತೂಬು ಇದ್ದವರದ ತೋಯ್ತೈತಿ."

"ಹಂಗ. ಈ ನೀರಿಗೆ ತೂಬು ಇರೂದು ಹಾಲಿನ ಗ್ರಂಥಿಗೆ. ಮೊಣಕಾಲಿಗಿಲ್ಲ."

ಅದೇ ಕಡಲೆಕಾಳು ಕುತ್ತಿಗೆಯ ಗ್ರಂಥಿಗೊಂದು, ಗರ್ಭಕೋಶದ ಪಕ್ಕದ ಅಂಡಾಶಯಕ್ಕೊಂದು ಹೀಗೆ ಬೇರೆ ಬೇರೆ ಹಾರ್ಮೋನು ಕಳಿಸುತ್ತದೆ. ಎಲ್ಲವೂ ಒಂದೇ ರಕ್ತದಲ್ಲಿ ಹರಿಯುತ್ತವೆ, ಆದರೂ ಯಾವುದೂ ತನ್ನದಲ್ಲದ ಬಾಗಿಲು ತಟ್ಟುವುದಿಲ್ಲ ಎಂದು ಅವಳು ಮುಂದುವರಿಸಿದಳು. ಅಮರಗುಂಡಪ್ಪ ತಲೆದೂಗಿದ. ಮೇಲಿನವರು ನೀರು ತಿರುಗಿಸಿಕೊಳ್ಳುವ ಕಾಲುವೆಯ ಕೊನೆಯಲ್ಲಿ ಹೊಲವಿದ್ದವನಿಗೆ ಇಷ್ಟು ಶಿಸ್ತು ನಂಬುವುದು ಕಷ್ಟ, ಆದರೂ ನಂಬಿದ. ಹಾಲು ಮೊದಲು ಇಳಿದದ್ದು ಮಗಳು ನಕ್ಕ ದಿನವೇ ಎಂದು ಶೇಖರಮ್ಮ ಒಳಗಿನಿಂದ ಸೇರಿಸಿದಳು.

ಬೇವು ಈಗಲೇ ಇಳಿಯಬೇಕು ಎಂದಳು ದೀಪಾ. ಇನ್ನೆರಡು ದಿನ ಇರಲಿ ಎಂದು ಅವನು ಕೇಳಿಕೊಂಡ. ಅವಳು ಒಪ್ಪಲಿಲ್ಲ. ಸುಳ್ಳಿನ ಬೇವಿನ ಕೆಳಗೆ ತಾನು ಮತ್ತೆ ಹಾದು ಹೋಗುವುದಿಲ್ಲ, ಇಳಿಸುವವರೆಗೆ ಈ ಕಟ್ಟೆ ಬಿಟ್ಟು ಏಳುವುದೂ ಇಲ್ಲ ಎಂದಳು. ಅವನು ಕುಡುಗೋಲು ತಂದು ತಪ್ಪಲನ್ನು ಕೊಯ್ದು ಕೆಳಗಿಳಿಸುತ್ತಿದ್ದಾಗಲೇ ಓಣಿಯ ತಿರುವಿನಲ್ಲಿ ಬಸಲಿಂಗಮ್ಮ ಕಾಣಿಸಿದಳು. ಒಂದು ಕೈಯಲ್ಲಿ ಅಮ್ಮನ ಎಡೆಗೆಂದು ಮೊಸರನ್ನದ ಗಡಿಗೆ, ಇನ್ನೊಂದರಲ್ಲಿ ಹಸಿರು ಬಳೆ, ಹಣೆಯ ಮೇಲೆ ಬೆವರು. ಮಸ್ಕಿಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿದ್ದವರೆಲ್ಲ ಆಕೆಗೆ ಸಮಾಧಾನ ಹೇಳುತ್ತ ಬಂದಿದ್ದರು.

"ಬೇವು ಯಾಕ ತಗೀತೀರಿ, ಬೀಗ್ರ? ಕೂಸು ಹೆಂಗೈತಿ?" ಆಕೆ ದೂರದಿಂದಲೇ ಕೂಗಿ ಕೇಳಿದಳು.

ಅಮರಗುಂಡಪ್ಪ ಜೀವನದಲ್ಲಿ ಕೈಕೆಲಸದಿಂದ ತಪ್ಪಿಸಿಕೊಂಡ ಮಾತುಗಳೆಲ್ಲ ಅಲ್ಲಿ ಬಂದು ನಿಂತಿದ್ದವು. "ಕೂಸು ಛಲೋ ಐತ್ರಿ. ಅಮ್ಮ ಯಾರಿಗೂ ಬಂದಿಲ್ಲ. ಮಂದಿ ಬರಬಾರ್ದಂತ ನಾನ ಕಟ್ಟಿದ್ದೆ."

"ಮಂದ್ಯಾಗ ನಾನೂ ಬಂದ್ನೇನು?"

"ನೀವ ಮೊದಲ, ಬೀಗತ್ಯಾರ."

ದೀಪಾ ಕಟ್ಟೆಯಿಂದ ಎದ್ದು ನಿಂತಳು. ಒಳಗಿನಿಂದ ಶೇಖರಮ್ಮ ಅಯ್ಯೋ ಎಂದದ್ದು ಕೇಳಿಸಿತು. ಬಸಲಿಂಗಮ್ಮ ಗಡಿಗೆಯನ್ನು ಕಟ್ಟೆಯ ಮೇಲಿಟ್ಟಳು. ಆಕೆ ಬೈದಿದ್ದರೆ ಅಮರಗುಂಡಪ್ಪನಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಕಾಲಿಗೆ ನೀರು ಹಾಕಿಕೊಂಡು ನೆಟ್ಟಗೆ ಬಾಣಂತಿಯ ಕೋಣೆಗೆ ಹೋಗಿ, ಎಂದಿನ ಗೋಡೆಗೆ ಬೆನ್ನು ಕೊಟ್ಟು ಎಂದಿನ ಹಾಗೆ ಕುಳಿತಳು.

ಅಮರಗುಂಡಪ್ಪ ಹೊಸ್ತಿಲಾಚೆ ನಿಂತ. ನಿನ್ನೆ ಬಂದ ಹಾಲು ಈ ನೋಟಕ್ಕೆ ಹಿಂದೆ ಸರಿದರೆ, ಕೂಸಿಗೆ ಇಂದೇ ಡಬ್ಬಿ. ಒಳಗೆ ಇಣುಕುವಂತಿಲ್ಲ. ಕಿವಿಯೊಂದೇ ಅವನ ಪಾಲಿಗಿದ್ದದ್ದು.

ಕೂಸು ಎಚ್ಚರಾಯಿತು. ಮೊದಲು ಕುಂಯ್ ಎಂದಿತು, ಆಮೇಲೆ ಓಣಿಗೆ ಕೇಳುವಷ್ಟು ಅತ್ತಿತು. ಭುವನೇಶ್ವರಿ ಇನ್ನೂ ಕೈ ಚಾಚಿರಲಿಲ್ಲ. ಆ ಅಳುವಿಗೇ ಕುಪ್ಪಸದ ಎರಡೂ ಕಡೆ ಒದ್ದೆಯಾಗಿ ಹರಡಿತು. ಚೀಪುವುದಕ್ಕೂ ಮುಂಚೆ ಕೂಸಿನ ದನಿ ಕೇಳಿದರೆ ಸಾಕು, ಮಿದುಳು ಹಾರ್ಮೋನು ಬಿಟ್ಟುಬಿಡುತ್ತದೆ. ಮೈಗೆ ಪಾಠ ಬಂದಿತ್ತು. ಬಸಲಿಂಗಮ್ಮ ಬಾಗಿ ನೋಡುತ್ತಲೇ ಇದ್ದಳು. ಹಾಲು ಹಿಂದೆ ಸರಿಯಲಿಲ್ಲ.

"ಅತ್ತಿ," ಎಂದಳು ಭುವನೇಶ್ವರಿ, ಕೂಸನ್ನು ಎತ್ತಿಕೊಳ್ಳುತ್ತ, "ಹಂಗ ನೋಡಿಕೋತ ಕುಂದ್ರಬ್ಯಾಡ್ರಿ. ಒಂದು ಒಣಾ ಅರಿವಿ ಕೊಡ್ರಿ."

ಮದುವೆಯಾದಾಗಿನಿಂದ ಅವಳು ಅತ್ತೆಗೆ ಕೆಲಸ ಹೇಳಿದ್ದು ಅದೇ ಮೊದಲು. ಆಮೇಲೆ ಬಟ್ಟೆಯ ಗಂಟು ಬಿಚ್ಚಿದ ಸದ್ದು, ಬಳೆಗಳ ಸದ್ದು, ಅದರ ಹಿಂದೆಯೇ ಗುಟುಕು ಗುಟುಕಾಗಿ ಕೂಸು ನುಂಗುವ ಸದ್ದು. ಅದು ಎಂಥ ಸದ್ದೆಂದು ಅಮರಗುಂಡಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಹೊಸ್ತಿಲಿಗೆ ಬೆನ್ನು ತಿರುಗಿಸಿ ನಿಂತು, ಮೀಸೆಯ ಮೇಲೆ ಕೈಯಾಡಿಸಿದ.

ಬಸಲಿಂಗಮ್ಮ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಅಂಗಡಿಯದೇ. "ಬೀಗ್ರ, ತೊಟ್ಟಲ ಶಾಸ್ತ್ರಕ್ಕ ಮಂದಿನ್ನ ಕರೀಬೇಕೊ ಬ್ಯಾಡೊ? ಈ ಮನ್ಯಾಗ ಅದನ್ನ ನಿಮ್ಮನ್ನ ಕೇಳಬೇಕಾಗೈತಿ."

"ಕರೀರಿ," ಎಂದ ಅಮರಗುಂಡಪ್ಪ. "ಹಾಲು ನೋಡಾಕ ಬ್ಯಾಡ, ಉಣ್ಣಾಕ ಕರೀರಿ."

ದೀಪಾ ಸ್ಕೂಟಿಯ ಬಳಿ ನಿಂತು ಬಹಿರಂಗವಾಗಿಯೇ ನಕ್ಕಳು. ಬಸಲಿಂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು; ಅಷ್ಟು ನೋಡಿದ ಮೇಲೆ ಆಕೆಗೂ ನಗು ತಡೆಯಲಾಗಲಿಲ್ಲ. ಕೋಣೆಯೊಳಗಿಂದ ಭುವನೇಶ್ವರಿ, ಕೂಸಿನ ಹೊಟ್ಟೆ ತುಂಬಿತು, ಇನ್ನು ತನ್ನ ಹೊಟ್ಟೆಯನ್ನು ಯಾರು ನೋಡುತ್ತೀರಿ ಎಂದು ಕೂಗಿದಳು. ಶೇಖರಮ್ಮ ಅಡಿಗೆಮನೆಗೆ ಓಡಿದಳು. ಬಸಲಿಂಗಮ್ಮ ಅವಳಿಗಿಂತ ಮುಂಚೆ ಓಡಿದಳು.